ಗೋಧಿ ಬಿಟ್ಟವಳಿಗೆ ಒಂದು ಪತ್ರ

ಪ್ರೀತಿಯ ಹುಡುಗಿ,

ನಿನ್ನ ರಿಪೋರ್ಟಿನ ವಿಷಯ ನಿನ್ನಮ್ಮ ಫೋನಿನಲ್ಲಿ ಹೇಳಿದರು. ರಕ್ತದಲ್ಲಿ ಟಿಟಿಜಿ ಪ್ರತಿಕಾಯ ಹೆಚ್ಚಿದೆ, ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ಚೂರಿನ ಬಯಾಪ್ಸಿಯಲ್ಲೂ ಅದೇ ಬಂದಿದೆ, ಸೀಲಿಯಾಕ್ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಬದುಕಿರುವ ತನಕ ಗೋಧಿ ಮುಟ್ಟುವಂತಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಊಟಕ್ಕೆ ಕೂತರೆ ನಿನಗೆ ಅಳು ಬರುತ್ತದಂತೆ. ನನಗೂ ಇದೇ ಕಾಯಿಲೆ. ನಿನಗೆ ಇಪ್ಪತ್ತೆರಡಕ್ಕೆ ತಿಳಿದದ್ದು ನನಗೆ ತಿಳಿದದ್ದು ಐವತ್ತರ ಹತ್ತಿರ. ನಿನ್ನಂಥ ಇನ್ನೂ ನಾಲ್ಕು ಮಂದಿ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ.

ಅಳು ಬಂದರೆ ಅತ್ತುಬಿಡು, ತಪ್ಪೇನಿಲ್ಲ. ಆದರೆ ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ. ನಮ್ಮ ಕಡೆ ಇದು ಸುಲಭಕ್ಕೆ ಸಿಗುವುದಿಲ್ಲ. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಉತ್ತರದವರಲ್ಲಿ ಶೇ. 1.23 ಮಂದಿಗೆ ಸೀಲಿಯಾಕ್ ಕಂಡಿತು, ದಕ್ಷಿಣದಲ್ಲಿ ಶೇ. 0.10 ಮಂದಿಗೆ ಮಾತ್ರ. ಈ ಕಾಯಿಲೆಗೆ ದಾರಿ ಮಾಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಅಜಗಜಾಂತರ ಇದ್ದದ್ದು ತಟ್ಟೆಯಲ್ಲಿ: ಅಲ್ಲಿಯವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ಇಲ್ಲಿಯವರು 25 ಗ್ರಾಂ. ಹಾಗಾಗಿ ನಮ್ಮ ಡಾಕ್ಟರುಗಳಿಗೆ ಇದು ಥಟ್ಟನೆ ಹೊಳೆಯುವುದಿಲ್ಲ. ರಕ್ತ ಕಡಿಮೆ ಎಂದು ನನಗೆ ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ಕೊಟ್ಟರು. ನುಂಗಿದ ಕಬ್ಬಿಣ ಮೈಗೆ ಯಾಕೆ ಹತ್ತುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ಭೇದಿ ಇಲ್ಲದೆ, ಹೊಟ್ಟೆನೋವೂ ಇಲ್ಲದೆ, ಬರೀ ರಕ್ತಹೀನತೆಯಾಗಿ, ಬಾಯಿಹುಣ್ಣಾಗಿ, ಸವೆದ ಮೂಳೆಯಾಗಿ ಈ ಕಾಯಿಲೆ ಕಾಣಿಸಿಕೊಳ್ಳಬಲ್ಲದು. ನಿನ್ನ ಡಾಕ್ಟರಿಗೆ ಅದು ಹೊಳೆಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸು.

ಒಳಗೆ ಏನಾಗುತ್ತಿದೆ ಎಂಬುದು ನಿನಗೆ ಸ್ಪಷ್ಟವಾಗಿರಬೇಕು. ಸಣ್ಣ ಕರುಳಿನ ಒಳಮೈ ಟವೆಲಿನ ಹಾಗೆ, ಉದ್ದಕ್ಕೂ ಸಣ್ಣ ಸಣ್ಣ ಎಳೆಗಳು. ಅನ್ನದ ಸಾರವೆಲ್ಲ ರಕ್ತಕ್ಕೆ ಸೇರುವುದು ಅವುಗಳ ಮೂಲಕ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳಿಗೆ ಬಂದಾಗ ನಮ್ಮ ದೇಹದ ರಕ್ಷಣಾ ಪಡೆ ಅದನ್ನು ಶತ್ರುವೆಂದು ಬಗೆದು ದಾಳಿ ಮಾಡುತ್ತದೆ. ಆ ದಾಳಿಯಲ್ಲಿ ಸವೆದು ಮಟ್ಟಸವಾಗುವುದು ನಮ್ಮದೇ ಎಳೆಗಳು. ಇದು ಅಜೀರ್ಣವಲ್ಲ, ಗೋಧಿಯ ಅಲರ್ಜಿಯೂ ಅಲ್ಲ. ನೀನು ತಿಂದ ತುತ್ತಿಗೆ ಹೊಟ್ಟೆ ಉಬ್ಬರಿಸದಿದ್ದರೂ, ಮೈಮೇಲೆ ಒಂದು ಗುಳ್ಳೆ ಏಳದಿದ್ದರೂ ಒಳಗೆ ಹಾನಿ ನಡೆದೇ ಇರುತ್ತದೆ. ‘ನನಗೇನೂ ಆಗಲಿಲ್ಲ’ ಎಂಬ ಅನುಭವವನ್ನು ಈ ವಿಷಯದಲ್ಲಿ ನಂಬಬೇಡ.

ಇದನ್ನು ಕಂಡುಹಿಡಿದವರ ಕಥೆ ನನಗೆ ಬಲು ಪ್ರಿಯ. 1920ರ ದಶಕದಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಬ್ರೆಡ್ಡು ಬಿಡಿಸಿ ಬಾಳೆಹಣ್ಣು ತಿನ್ನಿಸಿ ಬದುಕಿಸುತ್ತಿದ್ದರು. ಗುಣ ಬಾಳೆಹಣ್ಣಿನದೆಂದೇ ಎಲ್ಲರೂ ನಂಬಿದ್ದರು. ವಿಲಂ ಡಿಕೆ ಎಂಬ ಡಚ್ ಮಕ್ಕಳ ವೈದ್ಯರಿಗೆ ಮಾತ್ರ ಎರಡನೇ ಮಹಾಯುದ್ಧಕ್ಕೂ ಮೊದಲೇ ಗೋಧಿಯ ಮೇಲೆ ಗುಮಾನಿ ಇತ್ತು. 1944-45ರ ಚಳಿಗಾಲದಲ್ಲಿ ಹಾಲೆಂಡಿಗೆ ಹಸಿವು ಬಂತು, ಬ್ರೆಡ್ಡು ಸಿಗದಾಯಿತು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದದ್ದೇ ಮತ್ತೆ ಮಲಗಿದರು. 1950ರಲ್ಲಿ ಡಿಕೆ ಇದನ್ನೆಲ್ಲ ತಮ್ಮ ಪ್ರಬಂಧದಲ್ಲಿ ಬರೆದರು. ಇವತ್ತಿಗೂ ಇರುವ ಔಷಧ ಅದೊಂದೇ, ಗ್ಲುಟೆನ್ ಬಿಡುವುದು. ಗುಳಿಗೆಯಿಲ್ಲ, ಸೂಜಿಯಿಲ್ಲ. ನಿನ್ನ ಚಿಕಿತ್ಸೆ ಪೂರ್ತಿ ನಿನ್ನ ಕೈಯಲ್ಲೇ ಇದೆ. ಎಷ್ಟು ಕಾಯಿಲೆಗಳಿಗೆ ಈ ಮಾತು ಹೇಳಲಾದೀತು, ನೀನೇ ಯೋಚಿಸು.

ಇನ್ನು ಅಡುಗೆಮನೆಗೆ ಬರೋಣ. ನಿನ್ನ ವಯಸ್ಸಿನವರು ಮೊದಲು ಮಾಡುವ ಕೆಲಸ ಗ್ಲುಟೆನ್ ಇಲ್ಲದ ಬ್ರೆಡ್ಡು, ಗ್ಲುಟೆನ್ ಇಲ್ಲದ ಪಾಸ್ತಾ ಎಲ್ಲಿ ಸಿಗುತ್ತದೆಂದು ಹುಡುಕುವುದು. ನನ್ನ ಅಭಿಪ್ರಾಯದಲ್ಲಿ ಅದು ದುಡ್ಡಿಗೂ ದಂಡ, ಮನಸ್ಸಿಗೂ ದಂಡ. ಬಹುಪಾಲು ಪಿಷ್ಟ, ಸಕ್ಕರೆ, ಎಣ್ಣೆ ತುಂಬಿದ ಆ ಪೊಟ್ಟಣಗಳು ಕಳೆದುಕೊಂಡದ್ದನ್ನೇ ದಿನಾ ನೆನಪಿಸುತ್ತವೆ. ನೀನು ಧಾರವಾಡದ ಕಡೆಯವಳು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣಕ್ಕಿ ಅನ್ನ ಉಂಡ ಮನೆ ನಿನ್ನದು. ದಕ್ಷಿಣಕ್ಕೆ ಬಂದರೆ ರಾಗಿ ಮುದ್ದೆ, ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ, ಕಡುಬು, ಕೊಡಗಿನಲ್ಲಿ ನೂಪುಟ್ಟು, ಕರಾವಳಿಯಲ್ಲಿ ನೀರುದೋಸೆ. ಇವೆಲ್ಲ ರೋಗಿಯ ಪಥ್ಯವಲ್ಲ, ಊರಿಗೂರೇ ಉಣ್ಣುವ ಊಟ. ಬರೀ ಬಿಳಿ ಅನ್ನಕ್ಕೆ ಜೋತುಬೀಳಬೇಡ, ನಾರಿನಂಶ ಸಾಲದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ನಿನ್ನ ಮೂಳೆಗೆ ಈಗ ಅದು ಬೇಕು.

ಧಾನ್ಯದ ಮಟ್ಟಿಗೆ ಇಷ್ಟು ನಿಶ್ಚಿಂತೆ. ಕಷ್ಟ ಇರುವುದು ಕಣ್ಣಿಗೆ ಬೀಳದ ಗೋಧಿಯಲ್ಲಿ. ರವೆ, ಮೈದಾ, ಶ್ಯಾವಿಗೆ ಎಲ್ಲವೂ ಸಾಮಾನ್ಯವಾಗಿ ಗೋಧಿಯೇ ಎಂಬುದು ನಿನಗೆ ಗೊತ್ತು, ಬಡಿಸುವವರಿಗೆ ಗೊತ್ತಿರುವುದಿಲ್ಲ. ಉಪ್ಪಿಟ್ಟು, ಕೇಸರಿಬಾತು, ಹೋಳಿಗೆ, ಚಿರೋಟಿ ಹೋದವು ಎಂದುಕೋ. ಮದ್ದೂರು ವಡೆಯಲ್ಲಿ ರವೆ ಮೈದಾ ಎರಡೂ ಇವೆ. ಗೋಬಿ ಮಂಚೂರಿಯ ಹಿಟ್ಟಿನಲ್ಲಿ ಮೈದಾ, ಅದರ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ. ಹಾರ್ಲಿಕ್ಸ್, ಬೋರ್ನ್‌ವಿಟಾದಂಥ ಪುಡಿಗಳಲ್ಲಿ ಬಾರ್ಲಿ ಮಾಲ್ಟ್. ಇವೆಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಇಂಗು. ಇಂಗಿನ ಅಂಟು ಗೋಧಿಯಲ್ಲ, ಆದರೆ ನಾವು ಡಬ್ಬಿಯಲ್ಲಿ ಕೊಳ್ಳುವುದು ಶುದ್ಧ ಇಂಗಲ್ಲ. ಅದರ ಘಾಟು ತಗ್ಗಿಸಲು ಹಿಟ್ಟು ಬೆರೆಸಿರುತ್ತಾರೆ, ಬಹಳಷ್ಟು ಸಲ ಗೋಧಿ ಹಿಟ್ಟು. ನಮ್ಮ ಸಾರಿಗೆ, ಹುಳಿಗೆ, ಮಜ್ಜಿಗೆ ಒಗ್ಗರಣೆಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೆ ಬೀಳುವುದು ಅದೇ. ಅನ್ನ ಸಾರು ಮಾತ್ರ ಉಂಡೆ, ಆದರೂ ಟಿಟಿಜಿ ಇಳಿಯಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಒಗ್ಗರಣೆ ಡಬ್ಬಿಯನ್ನು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಸಿಗದಿದ್ದರೆ ನಾಲ್ಕು ಬೆಳ್ಳುಳ್ಳಿ ಜಜ್ಜಿ ಹಾಕು. ಪೊಟ್ಟಣದ ಹಿಂಬದಿಯಲ್ಲಿ ಅಲರ್ಜಿಯ ವಸ್ತುಗಳನ್ನು ತಿಳಿಸುವ ಸಾಲು ಇರುತ್ತದೆ, ಅದನ್ನು ಓದದೆ ಏನನ್ನೂ ಬುಟ್ಟಿಗೆ ಹಾಕಬೇಡ. ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಒಂದು ಕೆ.ಜಿ. ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು ಎಂಬುದು ನಮ್ಮ ದೇಶದ ನಿಯಮ.

ಗಿರಣಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಗಿರಣಿಯವನ ಹುಬ್ಬು, ರೆಪ್ಪೆ, ಗಡಿಯಾರದ ಗಾಜು ಎಲ್ಲದರ ಮೇಲೂ ಬಿಳಿ ಹಿಟ್ಟು ಕೂತಿರುವುದನ್ನು ನೀನು ನೋಡಿದ್ದೀಯ. ನಿನ್ನ ಮುಂದಿನವರ ಗೋಧಿ ಮುಗಿದ ಮೇಲೆ ಅದೇ ಕಲ್ಲಿಗೆ ನಿನ್ನ ಜೋಳ ಸುರಿಯುತ್ತಾನೆ. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಚೀಲದೊಳಗೆ ಉಳಿದಿದ್ದ ಗೋಧಿ ಹಿಟ್ಟು ನಿನ್ನ ಡಬ್ಬಿಗೆ ಮೊದಲು ಇಳಿಯುತ್ತದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೆ ಸಾಕು, ಕರುಳಿನ ಎಳೆ ಸವೆಯುತ್ತದೆ. ಒಂದೇ ಚಪಾತಿಯಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಆದ್ದರಿಂದ ನಿನ್ನ ಮನೆಯವರಿಗೆ ಹೇಳು: ಸಾಧ್ಯವಾದರೆ ಮನೆಯಲ್ಲೇ ಒಂದು ಸಣ್ಣ ಗಿರಣಿ ಇಟ್ಟು ಅದರಲ್ಲಿ ಗೋಧಿ ಹಾಕಲೇಬಾರದು. ಬೀಸುವ ಮೊದಲು ಕಾಳು ಹಸನು ಮಾಡಬೇಕು. ನಮ್ಮ ಎರೆಭೂಮಿಯಲ್ಲಿ ಜೋಳ, ಗೋಧಿ ಎರಡೂ ಹಿಂಗಾರಿ ಬೆಳೆ, ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದ ಚೀಲ. ಮೊರದಲ್ಲಿ ಹರವಿದರೆ ದುಂಡನೆಯ ಬಿಳಿ ಜೋಳದ ನಡುವೆ ಉದ್ದನೆಯ ಕೆಂಚು ಗೋಧಿ ಕಾಳು ಎದ್ದು ಕಾಣುತ್ತದೆ. ರಾಗಿಯಾದರೆ ಇನ್ನೂ ಸುಲಭ, ರಾಗಿ ಜರಡಿಯಿಂದ ಇಳಿದುಹೋಗುತ್ತದೆ, ಗೋಧಿ ಮೇಲೇ ಉಳಿಯುತ್ತದೆ. ಆಮೇಲೆ ತೊಳೆದು ಒಣಗಿಸಿ ಬೀಸಬೇಕು. ನಮ್ಮಜ್ಜಿಯರು ಮಾಡುತ್ತಿದ್ದ ಕೆಲಸವೇ. ನಿಮ್ಮಮ್ಮ ಆಗಲೇ ಶುರು ಮಾಡಿದ್ದಾರೆ ಎಂದು ಕೇಳಿ ಬಲು ಖುಷಿಯಾಯಿತು.

ನೀನಿರುವ ಬೆಂಗಳೂರಿನ ಪಿಜಿಯಲ್ಲಿ ಇಷ್ಟೆಲ್ಲ ಆಗುವುದಿಲ್ಲ, ಗೊತ್ತು. ಅಲ್ಲಿ ಚಪಾತಿ ಬೇಯಿಸಿದ ಹಂಚಿನಲ್ಲೇ ದೋಸೆ, ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ರವೆ ಸೇರಿಸುವವರೂ ಇದ್ದಾರೆ. ಒಂದು ಸಣ್ಣ ಕುಕ್ಕರ್, ಒಂದು ಹಂಚು, ನಿನ್ನದೇ ಒಂದು ಸೌಟು ಇಟ್ಟುಕೊಳ್ಳಲು ಓನರ್ ಹತ್ತಿರ ಒಪ್ಪಿಗೆ ಕೇಳು. ಡಾಕ್ಟರ ಚೀಟಿ ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ಪಿಜಿ ಬದಲಿಸು, ಆಫೀಸಿಗೆ ಅರ್ಧ ಗಂಟೆ ದೂರವಾದರೂ ಪರವಾಗಿಲ್ಲ. ಊರಿಂದ ಖಡಕ್ ರೊಟ್ಟಿ ತರಿಸಿಕೋ, ಮನೆಯಲ್ಲಿ ಬಡಿದದ್ದು ಮಾತ್ರ. ಹೊರಗೆ ಮಾರುವ ರೊಟ್ಟಿಯ ಹಿಟ್ಟಿಗೆ ಏನೇನು ಸೇರಿಸಿರುತ್ತಾರೆ ಎಂದು ಕೇಳದೆ ತಿನ್ನಬೇಡ. ಹೋಟೆಲಿನಲ್ಲಿ ‘ಗ್ಲುಟೆನ್’ ಎಂದರೆ ಸಪ್ಲೈಯರ್ ಮುಖ ಮುಖ ನೋಡುತ್ತಾನೆ. ‘ಗೋಧಿ, ಮೈದಾ, ರವೆ ತಿಂದರೆ ನನಗೆ ಆಸ್ಪತ್ರೆ ಆಗುತ್ತದೆ’ ಎಂದು ನೇರವಾಗಿ ಹೇಳು. ಒಳಗೆ ಹೋಗಿ ಕೇಳಿ ಬರುತ್ತಾನೆ.

ಇವೆಲ್ಲ ಆರು ತಿಂಗಳಲ್ಲಿ ಅಭ್ಯಾಸವಾಗುತ್ತವೆ. ಕಠಿಣವಾದದ್ದು ಪ್ರೀತಿಯಿಂದ ಬರುವ ‘ಒಂದೇ ಒಂದು ತುತ್ತು’. ಮದುವೆಮನೆಯಲ್ಲಿ ಎಲೆಯ ಮುಂದೆ ಬಗ್ಗಿ ಹೋಳಿಗೆ ಹಿಡಿದು ನಿಂತ ಸೋದರಮಾವನಿಗೆ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಅವರ ಮನಸ್ಸು ನೋಯಿಸಬಾರದೆಂದು ತಿಂದು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗುವ ಹುಡುಗಿಯರನ್ನು ನಾನು ಬಲ್ಲೆ. ಹಾಗೆ ಮಾಡಬೇಡ. ಎಲೆ ಹಾಕುವ ಮೊದಲೇ, ಸಾಧ್ಯವಾದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡು. ಎಲೆಯ ಮುಂದೆ ಹೇಳಿದರೆ ಅದು ನಿರಾಕರಣೆ, ಮೊದಲೇ ಹೇಳಿದರೆ ಅದು ಅವರಿಗೆ ಕೊಟ್ಟ ಕೆಲಸ. ನಮ್ಮ ಜನ ಕೆಲಸ ಕೊಟ್ಟರೆ ಮಾಡುತ್ತಾರೆ. ಪ್ರಸಾದದ ವಿಷಯಕ್ಕೂ ಹೆದರಬೇಡ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದೇ, ನಿಜ. ಆದರೆ ಕಥೆಯನ್ನು ಗಮನವಿಟ್ಟು ಕೇಳು: ಗೋಧಿ ಇಲ್ಲದಿದ್ದರೆ ಅಕ್ಕಿ ಹಿಟ್ಟು, ಸಕ್ಕರೆ ಇಲ್ಲದಿದ್ದರೆ ಬೆಲ್ಲ ಆಗುತ್ತದೆ ಎಂದು ಅದರಲ್ಲೇ ಹೇಳಿದೆ. ನಿಮ್ಮ ಮನೆಯ ಪೂಜೆಗೆ ಅಕ್ಕಿ ತರಿಯಲ್ಲಿ ಸಜ್ಜಿಗೆ ಮಾಡಿಸು, ಎಲ್ಲರೂ ಅದನ್ನೇ ತಿನ್ನಲಿ. ಬೇರೆಯವರ ಮನೆಯಲ್ಲಾದರೆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟು, ತೀರ್ಥ, ಹಣ್ಣು ತೆಗೆದುಕೋ.

ಮದುವೆ ಮಾತುಕತೆ ಬಂದಾಗ ಇದನ್ನು ಮುಚ್ಚಿಡಿ ಎನ್ನುವ ಹಿರಿಯರು ಸಿಗುತ್ತಾರೆ. ಅವರ ಮಾತಿಗೆ ಒಪ್ಪಬೇಡ. ಇದು ಅಂಟುರೋಗವಲ್ಲ, ಪಥ್ಯ ಪಾಲಿಸಿದವರಿಗೆ ಸಂಸಾರಕ್ಕೂ ಮಕ್ಕಳಿಗೂ ಅಡ್ಡಿ ಬರುವುದಿಲ್ಲ. ದಿನಾ ಮೂರು ಹೊತ್ತು ಉಣ್ಣುವ ಮನೆಯಲ್ಲಿ ಮುಚ್ಚಿಡಲು ಆಗುವಂಥದ್ದೂ ಅಲ್ಲ.

ಉಪಾಯ ಹೇಳುವವರು ಇನ್ನೂ ಬಹಳ. ಜವೆಗೋಧಿ, ಖಪ್ಲಿ ಗೋಧಿ ಹಳೆಯ ತಳಿ, ಅದರಲ್ಲಿ ಗ್ಲುಟೆನ್ ತೊಂದರೆ ಕೊಡುವುದಿಲ್ಲ ಎನ್ನುತ್ತಾರೆ. ಹಳೆಯದಾದರೂ ಅದು ಗೋಧಿಯೇ, ನಿನಗೆ ವರ್ಜ್ಯ. ಸಿರಿಧಾನ್ಯಗಳು ನಿನ್ನವು, ಆದರೆ ಸಿರಿಧಾನ್ಯದ ಬಿಸ್ಕತ್ತು ಎಂದು ಮಾರುವುದರಲ್ಲಿ ಮೈದಾ ಇದೆಯೇ ಎಂದು ಓದಿ ನೋಡು. ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡಿಕೊಂಡರೆ ಹೊಂದಿಕೊಳ್ಳುತ್ತದೆ ಎನ್ನುವವರ ಮಾತು ಅಪ್ಪಟ ಸುಳ್ಳು.

ಡಾಕ್ಟರ ಹತ್ತಿರ ಹೋಗುವುದನ್ನು ನಿಲ್ಲಿಸಬೇಡ. ಕಬ್ಬಿಣ, ಬಿ12, ವಿಟಮಿನ್ ಡಿ ಎಷ್ಟಿದೆ ಎಂದು ಕೇಳು, ಮೂಳೆಯ ಸಾಂದ್ರತೆ ನೋಡಬೇಕೇ ಎಂದೂ ಕೇಳು. ಕೆಲವು ತಿಂಗಳಿಗೊಮ್ಮೆ ಟಿಟಿಜಿ ನೋಡಿಸು, ಅದು ನಿಧಾನವಾಗಿ ಇಳಿಯಬೇಕು. ಹೊಟ್ಟೆ ಹಗುರಾಗುವುದು ವಾರಗಳಲ್ಲಿ, ಆದರೆ ಎಳೆಗಳು ಪೂರ್ತಿ ಚಿಗುರಲು ದೊಡ್ಡವರಿಗೆ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹಾಲು ಈಗ ಆಗದಿದ್ದರೆ ಗಾಬರಿ ಬೇಡ. ಹಾಲನ್ನು ಅರಗಿಸುವ ಕಿಣ್ವ ಇರುವುದು ಅದೇ ಎಳೆಗಳ ತುದಿಯಲ್ಲಿ. ಅವು ಬೆಳೆದಂತೆ ಅನೇಕರಿಗೆ ಹಾಲೂ ಒಗ್ಗುತ್ತದೆ. ಅಲ್ಲಿಯ ತನಕ ಮಜ್ಜಿಗೆ ಸಾಕು.

ಕೊನೆಯದಾಗಿ ನಿನ್ನ ತಮ್ಮನ ವಿಷಯ. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಹೆತ್ತವರಿಗೂ ಇರುವ ಸಂಭವ ಉಳಿದವರಿಗಿಂತ ಎಷ್ಟೋ ಹೆಚ್ಚು. ಅವನು ವಯಸ್ಸಿಗೆ ತಕ್ಕ ಎತ್ತರ ಬಂದಿಲ್ಲ ಎಂದು ನಿನ್ನಮ್ಮ ಹೋದ ವರ್ಷವೇ ಹೇಳಿದ್ದರು. ಅವನು, ಅಪ್ಪ, ಅಮ್ಮ ಮೂವರೂ ಟಿಟಿಜಿ ಪರೀಕ್ಷೆ ಮಾಡಿಸಲಿ. ಆದರೆ ಒಂದು ಎಚ್ಚರ: ಅಕ್ಕನಿಗೆ ಜೊತೆ ಕೊಡುತ್ತೇನೆಂದು ಅವನು ಚಪಾತಿ ಬಿಟ್ಟಿದ್ದಾನಂತೆ. ಗೋಧಿ ಬಿಟ್ಟಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಸಿಗದೆ ಹೋಗಬಹುದು. ಅವನು ಮತ್ತೆ ತಿನ್ನಲು ಶುರು ಮಾಡಲಿ, ಎಷ್ಟು ವಾರ ತಿಂದ ಮೇಲೆ ರಕ್ತ ಕೊಡಬೇಕೆಂದು ನಿನ್ನ ಡಾಕ್ಟರನ್ನೇ ಕೇಳು. ಇವತ್ತೇ ಫೋನ್ ಮಾಡಿ ಹೇಳು, ರಿಪೋರ್ಟು ಬಂದ ದಿನ ನನಗೂ ತಿಳಿಸು.

ಇಂತಿ ನಿನ್ನ,
ದೊಡ್ಡಮ್ಮ