ಮನೆಯ ಸರ್ವರಿಗೆ ನಿಲ್ಲುವ ಹೆಸರು

ಬಾಡಿಗೆಮನೆಗಳನ್ನು ಮೇಲಿಂದ ಮೇಲೆ ಬದಲಿಸುವವನಿಗೆ ಕಾಗದ ತಲುಪಬೇಕಾದರೆ ಅಂಚೆಯವನಿಗೆ ಹೊಸ ವಿಳಾಸ ತಿಳಿದಿರಬೇಕಷ್ಟೆ. ಮನೆಯ ಸರ್ವರಿನ ಪಾಡೂ ಇದೇ. ಇಂಟರ್‌ನೆಟ್ ಕಂಪನಿ ಕೊಡುವ ಐಪಿ ವಿಳಾಸವು ಆಗಾಗ ಬದಲಾಗುತ್ತದೆ. ಹೊಸ ವಿಳಾಸವನ್ನು ಹಳೆಯ ಹೆಸರಿಗೇ ಜೋಡಿಸುವ ಏರ್ಪಾಡಿಗೆ ಡೈನಾಮಿಕ್ ಡಿಎನ್‌ಎಸ್ ಎನ್ನುತ್ತಾರೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಳೆಯ ಕಂಪ್ಯೂಟರೊಂದರಲ್ಲಿ ಪಾಠದ ಟಿಪ್ಪಣಿಗಳನ್ನಿರಿಸಿ, ಪುಸ್ತಕ ಕೊಳ್ಳಲಾರದ ಗೆಳೆಯರಿಗೆ ಒದಗಿಸಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಆ ಹೆಸರು ರದ್ದಾಯಿತು. ನವೀಕರಿಸಲು ನಾನು ಮರೆತಿದ್ದೆ. ಅಂದು ಕಲಿತದ್ದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲನೆಯದಾಗಿ, ನಮ್ಮ ರೂಟರಿಗೆ ಬಂದ ಹೊರಗಿನ ವಿಳಾಸವನ್ನು ನೋಡಬೇಕು. ಅದು 100.64ರಿಂದ 100.127ರವರೆಗಿನ ಅಂಕೆಗಳಿಂದ ಆರಂಭವಾದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಲಾಗಿದೆಯೆಂದೇ ಅರ್ಥ. ಆಗ ಐಪಿವಿ4ರಲ್ಲಿ ಹೆಸರೊಂದರಿಂದಲೇ ಫಲವಿಲ್ಲ. ಐಪಿವಿ6 ಇದ್ದರೆ ಅದನ್ನು ಬಳಸಬಹುದು.

ಎರಡನೆಯದಾಗಿ, ಷರತ್ತುಗಳನ್ನು ಓದಬೇಕು. ಕೆಲವರು 30 ದಿನಗಳಿಗೊಮ್ಮೆ ಹೆಸರನ್ನು ದೃಢಪಡಿಸಬೇಕೆನ್ನುತ್ತಾರೆ. ಡಕ್‌ಡಿಎನ್‌ಎಸ್‌ನಲ್ಲಿ ಆ ತೊಡಕಿಲ್ಲ. ಬರ್ಲಿನ್ನಿನ ಲಾಭರಹಿತ ಸಂಸ್ಥೆಯಾದ ಡಿಸೆಕ್, ಹೆಸರು ನಕಲಿಯಲ್ಲವೆಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿಯನ್ನೂ ಉಚಿತವಾಗಿ ಒದಗಿಸುತ್ತದೆ.

ಮೂರನೆಯದಾಗಿ, ಉಚಿತ ಸೇವೆ ಶಾಶ್ವತವಲ್ಲ. ಬಹು ಪ್ರಸಿದ್ಧವಾಗಿದ್ದ ಡಿನ್ ಕಂಪನಿಯೇ 2014ರ ಮೇ ತಿಂಗಳಲ್ಲಿ ತನ್ನ ಉಚಿತ ಸೇವೆಯನ್ನು ನಿಲ್ಲಿಸಿತು. ಆದ್ದರಿಂದ ಸಾಧ್ಯವಾದರೆ ವರ್ಷಕ್ಕಿಷ್ಟೆಂದು ಹಣ ತೆತ್ತು ಸ್ವಂತ ಡೊಮೇನನ್ನು ಪಡೆದು, ಅದನ್ನು ಸಿನೇಮ್ ದಾಖಲೆಯಿಂದ ಉಚಿತ ಹೆಸರಿಗೆ ಕಟ್ಟಬೇಕು. ನಾಳೆ ಸೇವೆ ನಿಂತರೂ ದಾಖಲೆಯೊಂದನ್ನು ತಿದ್ದಿದರೆ ಸಾಕು. ಗೆಳೆಯರು ಹಳೆಯ ಹೆಸರಿನಿಂದಲೇ ಬರುವರು. ಹತ್ತು ಜನರು ನಂಬಿದ ಬಾಗಿಲು ಪರರ ಕೃಪೆಯೊಂದರ ಮೇಲೆಯೇ ನಿಲ್ಲಬಾರದು.