ಗೆಡ್ಡೆಯ ಚಳಿಗಾಲದ ನಿದ್ರೆ

ಪ್ರತಿಕೂಲವಾದ ಕಾಲವನ್ನು ಸಸ್ಯಗಳು ಎದುರಿಸುವ ಬಗೆಗಳು ಹಲವು. ಕೆಲವು ಎಲೆಗಳನ್ನು ಉದುರಿಸಿ ನಿಲ್ಲುತ್ತವೆ. ಕೆಲವು ಬೀಜವನ್ನು ಉಳಿಸಿ ತಾವು ಅಳಿಯುತ್ತವೆ. ಮತ್ತೆ ಕೆಲವು ಆಹಾರವನ್ನು ನೆಲದೊಳಗಿನ ಗೆಡ್ಡೆಯಲ್ಲಿ ಕೂಡಿಟ್ಟು ನಿದ್ರಿಸುತ್ತವೆ. ಮಲೆನಾಡಿನ ಮನೆಯಂಗಳಗಳಲ್ಲಿ ಮಳೆಗಾಲದಲ್ಲಿ ಅರಳುವ ಡೇರೆ, ಎಂದರೆ ಡೇಲಿಯಾ, ಈ ಮೂರನೆಯ ಗುಂಪಿಗೆ ಸೇರಿದುದು.

ಡೇಲಿಯಾದ ತವರು ಮೆಕ್ಸಿಕೊ ದೇಶದ ಎತ್ತರದ ಪ್ರದೇಶ. ಅಲ್ಲಿ ಬೇಸಗೆಯಲ್ಲಿ ಮಳೆ ಬೀಳುತ್ತದೆ, ಚಳಿಗಾಲವು ಒಣಗಿರುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಇದರ ಬೀಜಗಳು ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನವನ್ನು ತಲುಪಿದವು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ದಾಲ್ ಅವರ ಗೌರವಾರ್ಥವಾಗಿ 1791ರಲ್ಲಿ ಗಿಡಕ್ಕೆ ಈ ಹೆಸರು ಬಂದಿತು. ಕ್ರಮೇಣ ಅದು ಯುರೋಪಿನ ತೋಟಗಳಲ್ಲೆಲ್ಲ ಹರಡಿತು. ಆದರೆ ಉತ್ತರ ಯುರೋಪಿನ ಚಳಿಗಾಲ ತವರಿನದರಂತಲ್ಲ. ಅಲ್ಲಿ ಮಣ್ಣು ತೇವವಾಗಿರುತ್ತದೆ. ಎಷ್ಟೋ ವೇಳೆ ಹೆಪ್ಪುಗಟ್ಟುತ್ತದೆ.

ಗೆಡ್ಡೆಯಲ್ಲಿ ನೀರಿನ ಅಂಶ ಬಹಳ. ಚಳಿ ಹೆಚ್ಚಿದಾಗ ಜೀವಕೋಶಗಳ ನಡುವೆ ಮಂಜುಗಡ್ಡೆ ಮೂಡಿ, ಕೋಶಗಳೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಕೋಶದ ಪೊರೆಗಳು ಹಾಳಾಗುತ್ತವೆ. ಮಂಜು ಕರಗಿದ ಮೇಲೆ ಗೆಡ್ಡೆ ಮೆತ್ತಗಾಗಿ ಕೊಳೆಯುತ್ತದೆ. ಕುಂಡದಲ್ಲಿರುವ ಗೆಡ್ಡೆಗೆ ಅಪಾಯ ಇನ್ನೂ ಹೆಚ್ಚು. ನೆಲದ ಆಳದ ಮಣ್ಣು ಬೇಸಗೆಯ ಶಾಖವನ್ನು ಬಹುಕಾಲ ಹಿಡಿದಿಡುತ್ತದೆ. ಕುಂಡಕ್ಕಾದರೋ ಸುತ್ತಲಿಂದಲೂ ಚಳಿ ತಾಗುತ್ತದೆ.

ಆದ್ದರಿಂದ ಅಲ್ಲಿನ ತೋಟಗಾರರು ಶರತ್ಕಾಲದಲ್ಲಿಯೇ ಎಚ್ಚರಗೊಳ್ಳುತ್ತಾರೆ. ಮೊದಲ ಹಿಮಕ್ಕೆ ಎಲೆಗಳು ಕಪ್ಪಾದೊಡನೆ ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸುತ್ತಾರೆ. ನೀರು ಹಾಕುವುದನ್ನು ನಿಲ್ಲಿಸುತ್ತಾರೆ. ಮಣ್ಣು ಒಣಗುತ್ತಿದ್ದಂತೆ ಕುಂಡವನ್ನು ನೆಲಮಾಳಿಗೆಗೋ ಕೊಟ್ಟಿಗೆಗೋ ಸಾಗಿಸುತ್ತಾರೆ. ಆ ಸ್ಥಳ ಕತ್ತಲಾಗಿರಬೇಕು, ಗಾಳಿಯಾಡುತ್ತಿರಬೇಕು; ಉಷ್ಣತೆ ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಹಳ ಬೆಚ್ಚಗಿದ್ದರೆ ಗೆಡ್ಡೆ ಸುಕ್ಕುಗಟ್ಟುತ್ತದೆ, ಇಲ್ಲವೆ ಅಕಾಲದಲ್ಲಿ ಮೊಳೆಯುತ್ತದೆ. ತಿಂಗಳಿಗೊಮ್ಮೆ ಪರೀಕ್ಷಿಸಿ, ಕೊಳೆತ ಭಾಗವಿದ್ದರೆ ಕತ್ತರಿಸಿ ತೆಗೆಯುತ್ತಾರೆ. ಸುಕ್ಕುಗಟ್ಟಿದ್ದರೆ ತುಸು ನೀರು ಚಿಮುಕಿಸುತ್ತಾರೆ. ವಸಂತದಲ್ಲಿ ಕುಂಡವನ್ನು ಬೆಳಕಿಗೆ ತಂದು ಮಿತವಾಗಿ ನೀರುಣಿಸುತ್ತಾರೆ. ಕಾಂಡದ ಬುಡದಲ್ಲಿರುವ ಕಣ್ಣುಗಳು ಚಿಗುರುತ್ತವೆ. ಹಿಮದ ಭಯ ಪೂರ್ಣವಾಗಿ ಕಳೆದ ಮೇಲೆಯೇ ಗಿಡ ಬಯಲಿಗೆ ಬರುತ್ತದೆ.

ಎಲ್ಲ ಗೆಡ್ಡೆಗಳಿಗೂ ಒಂದೇ ನಿಯಮ ಸಲ್ಲದು. ಸುಗಂಧರಾಜವೂ ಮೆಕ್ಸಿಕೊ ಮೂಲದ್ದೇ. ಆದರೂ ಅದಕ್ಕೆ ಡೇಲಿಯಾಕ್ಕಿಂತ ಬೆಚ್ಚಗಿನ ಸ್ಥಳ ಬೇಕು. ಮಧ್ಯ ಏಷ್ಯಾದ ಬೆಟ್ಟಗಳ ಟ್ಯೂಲಿಪ್ ಆದರೋ ಕೆಲವು ತಿಂಗಳು ಚಳಿಯನ್ನುಂಡ ಹೊರತು ಚೆನ್ನಾಗಿ ಹೂ ಬಿಡದು. ಒಂದನ್ನು ಕೊಲ್ಲುವ ಚಳಿಯೇ ಇನ್ನೊಂದನ್ನು ಅರಳಿಸುತ್ತದೆ. ದೂರದೇಶದ ಸಸ್ಯವನ್ನು ಸಾಕಬಯಸುವವನು ಮೊದಲು ಅದರ ತವರಿನ ಋತುಗಳನ್ನು ಅರಿಯಬೇಕು. ಕತ್ತಲೆಯ ಮೂಲೆಯಲ್ಲಿ ಒಣಗಿದಂತೆ ಕಾಣುವ ಕುಂಡವು ಸತ್ತುದಲ್ಲ. ಅದು ತನ್ನ ಕಾಲಕ್ಕಾಗಿ ಕಾದಿರುತ್ತದೆ.