ಓನಿ-ಓರೋಶಿ: ಜಪಾನೀಯರ ಬಿದಿರಿನ ತುರಿಮಣೆ

ಕಾಯಿ ತುರಿಯಲು ನಮ್ಮ ಮನೆಗಳಲ್ಲಿ ಈಳಿಗೆಮಣೆಯ ತುದಿಯ ಹಲ್ಲು ಹೇಗೋ, ಜಪಾನೀಯರ ಅಡಿಗೆಮನೆಯಲ್ಲಿ ಮೂಲಂಗಿಗೆ ತುರಿಮಣೆ ಹಾಗೆ. ಅಲ್ಲಿನ ಬಿಳಿಯ ದಪ್ಪ ಮೂಲಂಗಿಗೆ ‘ದೈಕೋನ್’ ಎಂದು ಹೆಸರು. ಅದನ್ನು ಹಸಿಯಾಗಿಯೇ ತುರಿದು, ಸುಟ್ಟ ಮೀನಿನೊಡನೆಯೂ ಕರಿದ ತಿನಿಸಿನೊಡನೆಯೂ ನಂಚಿಕೊಳ್ಳುವರು. ಇದಕ್ಕೆ ಬಳಸುವ ಎರಡು ಸಾಧನಗಳನ್ನು ನಾವು ಈ ಪಾಠದಲ್ಲಿ ನೋಡೋಣ.

ಮೊದಲನೆಯದು ‘ಓನಿ-ಓರೋಶಿ’. ಓನಿ ಎಂದರೆ ರಾಕ್ಷಸ. ಓರೋಶಿ ಎಂದರೆ ತುರಿಯುವುದು. ಮರದ ಚೌಕಟ್ಟಿನಲ್ಲಿ ಬಿದಿರಿನ ಪಟ್ಟಿಗಳನ್ನು ಸಾಲಾಗಿ ಕೂರಿಸಿ, ಗರಗಸದಂತೆ ದೊಡ್ಡ ಹಲ್ಲುಗಳನ್ನು ಮಾಡಿರುತ್ತಾರೆ. ಆ ಕೋರೆಹಲ್ಲುಗಳಿಂದಲೇ ಈ ಹೆಸರು.

ಎರಡನೆಯದು ತಾಮ್ರದ ‘ಓರೋಶಿಗಾನೆ’. ಕಲಾಯಿ ಹಾಕಿದ ತಾಮ್ರದ ತಗಡಿನ ಮೇಲೆ ಕುಶಲಕರ್ಮಿಯು ಉಳಿ ಸುತ್ತಿಗೆಗಳಿಂದ ಒಂದೊಂದೇ ಹಲ್ಲನ್ನು ಎಬ್ಬಿಸುತ್ತಾನೆ. ಹಲ್ಲು ಸವೆದರೆ ತಗಡನ್ನು ಎಸೆಯಬೇಕಾಗಿಲ್ಲ. ಸಮಮಾಡಿ, ಮತ್ತೆ ಕಲಾಯಿ ಹಾಕಿಸಿ, ಹೊಸ ಹಲ್ಲು ಕೊರೆಯಿಸಬಹುದು.

ಒಂದೇ ಮೂಲಂಗಿಗೆ ಎರಡು ಸಾಧನಗಳೇಕೆ? ಇಡೀ ಮೂಲಂಗಿಯಲ್ಲಿ ಖಾರವು ಸಿದ್ಧವಾಗಿ ಕುಳಿತಿರುವುದಿಲ್ಲ. ಅದರ ಸೂಕ್ಷ್ಮ ಕೋಶಗಳು ಒಡೆದಾಗ, ಒಳಗೆ ಬೇರೆಬೇರೆಯಾಗಿದ್ದ ಎರಡು ಪದಾರ್ಥಗಳು ಕೂಡಿ ಖಾರ ಹುಟ್ಟುತ್ತದೆ. ಸಾಸಿವೆಯನ್ನು ಅರೆದಾಗ ಘಾಟು ಏಳುವುದೂ ಹೀಗೆಯೇ. ತಾಮ್ರದ ಸಣ್ಣ ಹಲ್ಲು ಹೆಚ್ಚು ಕೋಶಗಳನ್ನು ಒಡೆಯುವುದರಿಂದ ತುರಿ ನುಣ್ಣಗೆ, ಖಾರವಾಗಿ, ನೀರಾಗಿ ಬರುತ್ತದೆ. ಬಿದಿರಿನ ದೊಡ್ಡ ಹಲ್ಲು ಕಡಿಮೆ ಒಡೆಯುವುದರಿಂದ ತುರಿ ಒರಟಾಗಿ, ರಸವನ್ನು ಉಳಿಸಿಕೊಂಡು, ಕಚ್ಚಿದರೆ ಕರುಂ ಎನ್ನುತ್ತದೆ.

ಟೋಕಿಯೋದ ಉತ್ತರಕ್ಕಿರುವ ತೋಚಿಗಿ ಪ್ರಾಂತದಲ್ಲಿ ‘ಶಿಮೋತ್ಸುಕಾರೆ’ ಎಂಬ ಅಡಿಗೆಗೆ ಬಿದಿರಿನ ತುರಿಮಣೆಯೇ ಬೇಕು. ಹೊಸವರ್ಷದ ಹಬ್ಬದಲ್ಲಿ ಉಳಿದ ಸಾಲ್ಮನ್ ಮೀನಿನ ತಲೆ, ಫೆಬ್ರವರಿಯ ಆರಂಭದಲ್ಲಿ ರಾಕ್ಷಸರನ್ನು ಓಡಿಸಲು ಎರಚಿ ಮಿಕ್ಕ ಹುರಿದ ಸೋಯಾ ಕಾಳು, ತುರಿದ ಮೂಲಂಗಿ ಮತ್ತು ಗಜ್ಜರಿ, ಅಕ್ಕಿಯ ಮದ್ಯ ಸೋಸಿ ಉಳಿದ ಗಸಿ—ಇಷ್ಟನ್ನೂ ಕೂಡಿಸಿ ಬೇಯಿಸುವರು. ರಾಕ್ಷಸನನ್ನು ಓಡಿಸಿದ ಕಾಳು ರಾಕ್ಷಸನ ಹಲ್ಲು ತುರಿದ ಮೂಲಂಗಿಯೊಡನೆ ಒಂದೇ ಪಾತ್ರೆಗೆ ಬೀಳುತ್ತದೆ! ಏಳು ಮನೆಗಳ ಶಿಮೋತ್ಸುಕಾರೆ ಉಂಡವನಿಗೆ ರೋಗವಿಲ್ಲವೆಂದು ಅಲ್ಲಿ ನಾಣ್ಣುಡಿ. ಆ ಮಾತಿನಲ್ಲಿ ವೈದ್ಯಕ್ಕಿಂತ ನೆರೆಹೊರೆಯ ಸ್ನೇಹವೇ ಹೆಚ್ಚೆಂದು ನಮಗೆ ತೋರುತ್ತದೆ. ಬಡತನದ ಕಾಲದಲ್ಲಿ ಒಂದು ತುಣುಕೂ ಪೋಲಾಗದಂತೆ ನೋಡಿ, ಅದನ್ನೇ ಹಂಚಿ ಉಣ್ಣುವುದನ್ನು ಈ ಅಡಿಗೆ ಕಲಿಸಿತು.

ಕೋಣೆಯಲ್ಲಿ ತಾವೇ ಬೇಯಿಸಿಕೊಳ್ಳುವ ನಮ್ಮ ಬಂಧುಗಳಿಗೆ ಇದರಿಂದ ಒಂದು ಉಪಯೋಗವುಂಟು. ಮಧ್ಯಾಹ್ನದ ಡಬ್ಬಿಗೆ ಮೂಲಂಗಿ ಕೋಸಂಬರಿ ಒಯ್ಯುವುದಾದರೆ ಒರಟಾಗಿ ತುರಿಯಿರಿ. ಉಪ್ಪನ್ನು ಉಣ್ಣುವಾಗಲೇ ಬೆರೆಸಿರಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ.

ಅಭ್ಯಾಸ: ಒಂದು ಮೂಲಂಗಿಯ ನಡುಭಾಗದ ಅರ್ಧವನ್ನು ನುಣ್ಣಗೆ ತುರಿಯಿರಿ, ಉಳಿದರ್ಧವನ್ನು ದಪ್ಪಗೆ ಹೆಚ್ಚಿರಿ. ಐದು ನಿಮಿಷ ಬಿಟ್ಟು ಎರಡನ್ನೂ ರುಚಿ ನೋಡಿರಿ. ಯಾವುದು ಹೆಚ್ಚು ಖಾರ? ಏಕೆ?